ಅಕ್ಕನ ಬೆನ್ನಿನ ಅಳತೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ಕೂತವರ ಬೆನ್ನುಗಳನ್ನು ನೋಡಬಾರದೆಂದು ದರ್ಜಿ ನಿಶ್ಚಯಿಸಿಕೊಂಡಿದ್ದ. ನಿಶ್ಚಯವೇನೋ ಗಟ್ಟಿಯಾಗಿಯೇ ಇತ್ತು, ಕಣ್ಣು ಕೇಳಬೇಕಲ್ಲ. ಎದುರು ಸಾಲಿನ ಕನ್ನಡಕದವನ ಎಡಹೆಗಲು ಬಲಕ್ಕಿಂತ ಕೆಳಗಿತ್ತು. ಅವನ ದರ್ಜಿ ಯಾರೋ ಸೋಮಾರಿ, ಎರಡು ಹೆಗಲಿಗೂ ಒಂದೇ ಅಳತೆ ಹಿಡಿದು ಕೈತೊಳೆದುಕೊಂಡಿದ್ದ. ಬಾಗಿಲ ಪಕ್ಕದ ದಪ್ಪ ಹೆಂಗಸಿನ ಕಾಲರು ಕತ್ತಿನಿಂದ ಬೆರಳಗಲ ದೂರದಲ್ಲಿ ನಿಂತು ಗಾಳಿ ಕುಡಿಯುತ್ತಿತ್ತು. ಕಂಡದ್ದನ್ನೆಲ್ಲ ಒಳಗೊಳಗೇ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯುತ್ತ ಅವನ ಕಣ್ಣು ಕೊನೆಗೆ ಪಕ್ಕದಲ್ಲೇ ಕೂತಿದ್ದ ಅಕ್ಕನ ಹತ್ತಿರ ಬಂತು, ಬಂದದ್ದೇ ಬಿಸಿ ತಾಗಿದಂತೆ ಹಿಂದೆ ಸರಿಯಿತು. ಅಕ್ಕ ಕುರ್ಚಿಯ ಅಂಚಿನಲ್ಲಿ ಬೆನ್ನು ಊರದೆ ಕೂತಿದ್ದಳು. ಊರಿದರೆ ನೋವಿದೆಯೆಂದು ಒಪ್ಪಿಕೊಂಡಂತಾಗುತ್ತಿತ್ತು. ಮೈಮೇಲೆ ಕಂದು ಬಣ್ಣದ ಉದ್ದನೆಯ ಉಣ್ಣೆಕೋಟು, ಕಳೆದ ಚಳಿಗಾಲದಲ್ಲಿ ಅವನೇ ಹೊಲಿದದ್ದು. ಆ ಇಡೀ ಸಾಲಿನಲ್ಲಿ ಅವಳಷ್ಟು ನೆಟ್ಟಗೆ ಕಾಣುವವರು ಇನ್ನೊಬ್ಬರಿರಲಿಲ್ಲ. ನೋಡಿದವರು ರೋಗಿ ಇವನೇ, ಅವಳು ಜೊತೆಗೆ ಬಂದವಳು ಎಂದುಕೊಳ್ಳಬೇಕು. ಹಾಗೆ ಕಾಣುವಂತೆ ಮಾಡಿದ್ದು ತಾನೇ ಎಂಬುದು ನೆನಪಾಗಿ ಅವನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

"ಪುಟ್ಟ, ಕಾಲು ಅಲ್ಲಾಡಿಸ್ಬೇಡ," ಎಂದಳು ಅಕ್ಕ, ಮುಖ ತಿರುಗಿಸದೆ. ಕನ್ನಡಕದವನು ತಲೆಯೆತ್ತಿ, ಕೂದಲು ನರೆತ, ಸ್ವಂತ ಅಂಗಡಿಯಿರುವ, ಮದುವೆಗೆ ಬಂದ ಮಗಳಿರುವ ಈ ಪುಟ್ಟನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ದರ್ಜಿ ಕಾಲು ನಿಲ್ಲಿಸಿದ. ಅಮ್ಮ ತೀರಿಕೊಂಡಾಗಿನಿಂದ ಅವನನ್ನು ಸಾಕಿದವಳು ಅವಳು. ಅವನು ಓದುತ್ತಿದ್ದ ಶಾಲೆಯಲ್ಲೇ ಮೇಷ್ಟ್ರಮ್ಮ. ಬೆಳಗಿನ ಸಾಲಿನಲ್ಲಿ ಕುಳ್ಳರು ಮುಂದೆ, ಉದ್ದದವರು ಹಿಂದೆ. ಅವನು ಯಾವಾಗಲೂ ಎಲ್ಲರಿಗಿಂತ ಮುಂದೆ, ಅವಳ ಕಣ್ಣೆದುರಿಗೇ. ಒಂದು ದಿನ ಅವಳು ಅವನನ್ನು ಸಾಲಿನಿಂದ ಹೊರಗೆ ಕರೆದು, ಶಾಲೆಗೆ ಶಾಲೆಯೇ ನೋಡುತ್ತಿರುವಾಗ, ಅವನ ಎರಡು ಹೆಗಲುಗಳ ನಡುವೆ ಅಂಗೈ ಇಟ್ಟು ಒತ್ತಿದ್ದಳು. "ನೆಟ್ಟಗೆ ನಿಲ್ಲು. ಇರೋದೇ ಇಷ್ಟುದ್ದ, ಅದನ್ನೂ ಯಾಕೆ ಮಡಚ್ತೀಯ?" ಹುಡುಗಿಯರ ಸಾಲಿನಿಂದ ಎದ್ದ ನಗು ಇವತ್ತಿಗೂ ಅವನಿಗೆ ಕೇಳುತ್ತದೆ. ಅಂಗೈ ಒತ್ತಿದ ಜಾಗ ಇವತ್ತಿಗೂ ಒಮ್ಮೊಮ್ಮೆ ಬೆಚ್ಚಗಾಗುತ್ತದೆ. ಅಕ್ಕ ಆಗ ಬಾಗಿಲ ಚೌಕಟ್ಟು ತುಂಬುವಷ್ಟು ಎತ್ತರವಿದ್ದಳು, ಅಥವಾ ಅವನಿಗೆ ಹಾಗೆ ಕಂಡಿತ್ತು.

"ಬೆನ್ನುನೋವಿನ ಅಜ್ಜಿ ಯಾರು, ಬನ್ನಿ," ಎಂದು ನರ್ಸು ಕರೆದಳು. ಯಾರೂ ಏಳಲಿಲ್ಲ. ನರ್ಸು ಇನ್ನೊಮ್ಮೆ ಕರೆದಳು. ಅಕ್ಕ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಪರೀಕ್ಷೆಯ ಕಾಗದ ತಿದ್ದುವಂತೆ ದಿಟ್ಟಿಸುತ್ತಿದ್ದಳು. ದರ್ಜಿ ಮೆಲ್ಲಗೆ ಅವಳ ಮೊಣಕೈ ಮುಟ್ಟಿದ. "ನನ್ನನ್ನಲ್ಲ," ಎಂದಳು. ಆಮೇಲೆ ನರ್ಸು ಹತ್ತಿರ ಬಂದು ನಿಂತ ಮೇಲೆ, "ನೋಡಮ್ಮ, ನಾನು ಮದುವೇನೇ ಆಗಿಲ್ಲ. ಮೊಮ್ಮಕ್ಕಳು ಎಲ್ಲಿಂದ ಬರ್ತಾರೆ?" ಎಂದು ಎದ್ದಳು. ಎದ್ದಳು ಎನ್ನುವುದು ಸುಲಭ. ಎರಡು ಕೈಯಿಂದ ಕುರ್ಚಿಯ ಹಿಡಿಯನ್ನು ಒತ್ತಿ, ತುಟಿ ಕಚ್ಚಿ, ಮೊದಲು ಸೊಂಟವನ್ನೂ ಆಮೇಲೆ ಉಳಿದದ್ದನ್ನೂ ಕಂತುಕಂತಾಗಿ ಮೇಲಕ್ಕೆ ತಂದಳು. ಒಗೆದ ಬಟ್ಟೆಯ ಟಬ್ಬನ್ನು ನೆಲದಿಂದ ಎತ್ತಲು ಹೋದಾಗ ಬೆನ್ನಿನಲ್ಲಿ ಚಟ್ಟೆಂದಿತ್ತಂತೆ. ಅವಳ ಲೆಕ್ಕದಲ್ಲಿ ಅದು ಉಳುಕು. ಮುಲಾಮು ಹಚ್ಚಿಕೊಂಡು ಹಾಸಿಗೆಯಲ್ಲಿ ಬಿದ್ದಿದ್ದವಳನ್ನು ದರ್ಜಿಯ ಹೆಂಡತಿ ಹೋಗಿ ನೋಡಿ, ಬಂದು, ಊಟಕ್ಕೆ ಕೂತಿದ್ದ ಅವನನ್ನು ಅರ್ಧಕ್ಕೇ ಎಬ್ಬಿಸಿದ್ದಳು. "ನಿಮ್ಮಕ್ಕ ಬಗ್ತಿದಾರೆ ಅಂತ ನಾನು ಯಾವತ್ತೋ ಹೇಳಿದ್ದೆ. ನೀವು ಕಿವಿಗೆ ಹಾಕ್ಕೊಂಡ್ರಾ?" ಹಾಕಿಕೊಂಡಿರಲಿಲ್ಲ. ಅವಳು ಬಗ್ಗೋ ಪೈಕಿ ಅಲ್ಲ ಕಣೇ ಎಂದು ನಕ್ಕುಬಿಟ್ಟಿದ್ದ. ಹೆಂಡತಿಯ ಕಣ್ಣಿಗೆ ಕಂಡದ್ದು ಅವನ ಬೆರಳಿಗೆ ಮೊದಲೇ ಗೊತ್ತಿತ್ತು.

ಎತ್ತರ ನೋಡಬೇಕು, ಕೋಟು ತೆಗೀರಿ ಎಂದಳು ನರ್ಸು. ಅಕ್ಕ ಗುಂಡಿ ಬಿಚ್ಚಿ, ತೋಳು ಎಳೆದು ಕೋಟು ತೆಗೆಯುವಾಗ ದರ್ಜಿ ಕಿಟಕಿಯಾಚೆ ನೋಡಿದ. ಆಚೆ ನೋಡುವಂಥದ್ದೇನೂ ಇರಲಿಲ್ಲ, ಒಂದು ನೀರಿನ ತೊಟ್ಟಿ, ಅದರ ಮೇಲೊಂದು ಕಾಗೆ. ತಿರುಗಿದಾಗ ತೆಳ್ಳನೆಯ ಅಂಗಿಯಲ್ಲಿ ಅಕ್ಕ ಅಳತೆಗೋಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಮ್ಮಡಿ ತಾಗಿತ್ತು, ಸೊಂಟ ತಾಗಿತ್ತು. ಅಲ್ಲಿಂದ ಮೇಲೆ ಬೆನ್ನು ಗೋಡೆಯನ್ನು ಬಿಟ್ಟು ಮುಂದಕ್ಕೆ ಹೊರಟಿತ್ತು. ತಲೆಯನ್ನು ಹಿಂದಕ್ಕೆ ತಾಗಿಸಲು ಅವಳು ಗಲ್ಲ ಮೇಲೆತ್ತಿ ಒದ್ದಾಡುತ್ತಿದ್ದಳು. ಇತ್ತ ನರ್ಸು ಕೋಟನ್ನು ಮೊಳೆಗೆ ಹಾಕಲು ಎತ್ತಿ, "ಅಬ್ಬ, ಇದೇನು ಇಷ್ಟು ಭಾರ? ಒಳಗೆ ದಿಂಬು ಇಟ್ಟಿದೀರಾ?" ಎಂದು ಬೆನ್ನಿನ ಭಾಗವನ್ನು ಹಿಸುಕಿ ನೋಡಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ದರ್ಜಿಗೆ. ಅಲ್ಲಿ, ಲೈನಿಂಗಿನ ಒಳಗೆ, ಗೂನಿನ ಕೆಳಗಿನ ಹಳ್ಳವನ್ನು ತುಂಬಲು ಅವನು ಹತ್ತಿಯನ್ನು ಪದರಪದರವಾಗಿ ಹಾಸಿ, ಅಂಚು ಕಾಣದಂತೆ ಕೈಹೊಲಿಗೆ ಹಾಕಿದ್ದ. ಹೊಲಿದ ದಿನ ತನ್ನ ಕೈಗೆ ತಾನೇ ಶಹಭಾಸ್ ಹೇಳಿಕೊಂಡಿದ್ದ. "ಚಳಿಗೆ," ಎಂದ ಈಗ. "ಹೌದು, ಚಳಿಗೆ," ಎಂದಳು ಅಕ್ಕ, ಗಲ್ಲ ಮೇಲೆತ್ತಿಕೊಂಡೇ, ತಮ್ಮನ ಪರವಾಗಿ.

"ಐದಡಿ ಮೂರು," ಎಂದಳು ನರ್ಸು. "ಐದಡಿ ಆರು," ಎಂದಳು ಅಕ್ಕ. "ನಿಮ್ಮ ಕೋಲು ಸರಿಯಿಲ್ಲ," ಎಂದು ತೀರ್ಪು ಕೊಟ್ಟು ಅಕ್ಕ ಒಳಗೆ ನಡೆದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಬಳಲಿದ ಕಣ್ಣು, ತಾಳ್ಮೆಯ ದನಿ. ಬೆನ್ನುಮೂಳೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಒಂದರ ಮೇಲೊಂದು ಕೂತ ಮಣಿಗಳಲ್ಲಿ ನಾಲ್ಕು ಕುಸಿದು ಮುಂದಕ್ಕೆ ಜಜ್ಜಿಹೋಗಿರುವುದನ್ನು ಪೆನ್ನಿನ ತುದಿಯಿಂದ ತೋರಿಸಿದಳು. "ಇದೊಂದು ಹೊಸದು, ಟಬ್ಬು ಎತ್ತಿದಾಗ ಆಗಿರೋದು. ಈ ಮೂರು ಹಳೇವು. ಯಾವಾಗ ಮುರಿದ್ವೋ ನಿಮಗೇ ಗೊತ್ತಾಗಿಲ್ಲ. ಇದಕ್ಕೆ ಆಸ್ಟಿಯೋಪೊರೋಸಿಸ್ ಅಂತೀವಮ್ಮ. ಮೂಳೆ ಒಳಗೊಳಗೇ ಸವೆದು ಟೊಳ್ಳಾಗುತ್ತೆ. ಮುರಿಯೋವರೆಗೂ ಸುಳಿವೇ ಕೊಡಲ್ಲ." ಹಾಲು ಮೊಸರು ತಗೊಳ್ತೀರಾ, ಚಿಕ್ಕವರಿದ್ದಾಗ ಹಾಲು ಕುಡೀತಿದ್ರಾ ಎಂದು ಕೇಳಿದಳು. "ನಂಗೆ ಹಾಲು ಸೇರಲ್ಲ, ಮೊದಲಿಂದಲೂ," ಎಂದಳು ಅಕ್ಕ. ಹೌದು, ಅಕ್ಕನಿಗೆ ಹಾಲು ಸೇರುತ್ತಿರಲಿಲ್ಲ, ಮನೆಗೆ ಬರುತ್ತಿದ್ದ ಒಂದೇ ಲೋಟ ಅವನ ಪಾಲು. ಕುಡಿ, ಉದ್ದ ಆಗ್ತೀಯ, ಅನ್ನುತ್ತಿದ್ದಳು. ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದ, ಅರ್ಧ ಚೆಲ್ಲುತ್ತಿದ್ದ. ಆದರೆ ಪಕ್ಕದ ಮನೆಯವರ ಮಗುವಿಗೆ ಜ್ವರವೆಂದು ನೋಡಲು ಹೋದಾಗ, ಆ ಮನೆಯಾಕೆ ಕೊಟ್ಟ ದೊಡ್ಡ ಲೋಟದ ಹಾಲನ್ನು ಅಕ್ಕ ಒಂದೇ ಉಸಿರಿಗೆ ಕುಡಿದು, ತಳದ ಕೆನೆಯನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡದ್ದು ಎಲ್ಲಿತ್ತೋ, ಈ ಔಷಧದ ವಾಸನೆಯ ಕೋಣೆಯಲ್ಲಿ ಅವನ ಕಣ್ಣಮುಂದೆ ಬಂದು ನಿಂತಿತು. ಇಷ್ಟು ವರ್ಷ ಅವನಿಗೆ ಅದರ ಅರ್ಥ ಹೊಳೆದಿರಲಿಲ್ಲ. ಹೊಳೆಯಲು ಇವತ್ತಿನವರೆಗೂ ಬೇಕಾಯಿತೇ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನೀವು ಮೂರು ಇಂಚು ಕಡಿಮೆಯಾಗಿದೀರಿ. ಒಂದೇ ದಿನದಲ್ಲಿ ಆಗೋದಲ್ಲ ಇದು," ಎನ್ನುತ್ತಿದ್ದಳು ಡಾಕ್ಟರು. "ಮೊದಲೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ. ಬಟ್ಟೆ ಉದ್ದ ಅನ್ನಿಸೋದು, ಮುಂದೆ ಜೋತುಬೀಳೋದು, ಮನೆಯಲ್ಲಿ ಯಾರೂ ಗಮನಿಸ್ಲಿಲ್ವಾ?" ಅಕ್ಕ ನಕ್ಕಳು. ಆ ನಗುವಿನಲ್ಲಿ ಹೆಮ್ಮೆ ಇತ್ತು. "ಡಾಕ್ಟರೇ, ಇವನು ನನ್ನ ತಮ್ಮ. ದರ್ಜಿ. ನಾನು ಮೈಮೇಲೆ ಹಾಕೋದೆಲ್ಲ ಇವನೇ ಹೊಲಿಯೋದು. ನಾನು ಒಂದು ಕೂದಲೆಳೆಯಷ್ಟು ಕಡಿಮೆಯಾದ್ರೂ ಮೊದಲು ಗೊತ್ತಾಗೋದು ಇವನಿಗೆ. ಇವನ ಟೇಪು ಸುಳ್ಳು ಹೇಳಲ್ಲ." ಡಾಕ್ಟರು ಅವನತ್ತ ತಿರುಗಿದಳು. ಕಾಯುತ್ತಿದ್ದಳು. ಅವನು ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮಿದ. ಕೆಮ್ಮು ಮುಗಿದ ಮೇಲೂ ಇನ್ನೆರಡು ಸಲ ಸುಮ್ಮನೆ ಕೆಮ್ಮಿದ. ಅಷ್ಟರಲ್ಲಿ ಅಕ್ಕ, "ಆ ಚಿತ್ರ ಬೇರೆ ಯಾರದೋ ಇರ್ಬೇಕು, ನೋಡಿ," ಎಂದಾಗಿತ್ತು.

ಡಾಕ್ಟರು ಬಿಡಲಿಲ್ಲ. ವಾರಕ್ಕೊಂದು ಮಾತ್ರೆ, ಖಾಲಿ ಹೊಟ್ಟೆಯಲ್ಲಿ, ಲೋಟ ತುಂಬ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ನೆಟ್ಟಗೆ ಕೂತಿರಬೇಕು ಇಲ್ಲವೇ ಓಡಾಡುತ್ತಿರಬೇಕು. ದಿನಾ ಕ್ಯಾಲ್ಸಿಯಂ, ಬಿಸಿಲು, ನೋವು ಇಳಿದ ಮೇಲೆ ನಡಿಗೆ. ಬಗ್ಗಿ ಭಾರ ಎತ್ತುವ ಹಾಗಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಜಾರುವ ಚಾಪೆಗಳೆಲ್ಲ ಆಚೆಗೆ. ಅಕ್ಕ ಕ್ಲಾಸಿನಲ್ಲಿ ಸುಳ್ಳು ನೆಪ ಹೇಳುವ ಹುಡುಗಿಯನ್ನು ನೋಡುವಂತೆ ನೋಡುತ್ತಿದ್ದಳು. "ಉಳುಕಿಗೆ ಇಷ್ಟೆಲ್ಲ ಯಾರಾದ್ರೂ ಮಾಡ್ತಾರಾ? ನಾನು ತಗೊಳಲ್ಲ," ಎಂದಳು. ಅವಳು ಕೋಟು ಹಾಕಿಕೊಳ್ಳಲು ಹೊರಗೆ ಹೋದಾಗ ಡಾಕ್ಟರು ದರ್ಜಿಯನ್ನು ನಿಲ್ಲಿಸಿದಳು. "ಮುಂದಿನ ಸಲ ಸೊಂಟ ಮುರಿಯುತ್ತೆ. ಈ ವಯಸ್ಸಲ್ಲಿ ಸೊಂಟ ಮುರಿದ್ರೆ ತುಂಬ ಜನ ಮತ್ತೆ ಮೊದಲಿನ ಹಾಗೆ ಏಳಲ್ಲ. ನನ್ನ ಮಾತು ಅವರು ನಂಬಲ್ಲ. ನಿಮ್ಮ ಮಾತು ನಂಬ್ತಾರೆ. ಹೇಗಾದ್ರೂ ಒಪ್ಪಿಸಿ." ಹೂಂ ಎಂದ. ಹೂಂ ಎನ್ನುವುದಕ್ಕೆ ಅವನ ನಾಲಿಗೆ ಯಾವತ್ತೂ ಹಿಂದೆ ಬಿದ್ದಿರಲಿಲ್ಲ.

ಬೀದಿಯಲ್ಲಿ ಅಕ್ಕನ ಪಕ್ಕ ನಡೆಯುತ್ತ ಅವನು ಒಪ್ಪಿಸುವ ಮಾತುಗಳನ್ನು ಜೋಡಿಸತೊಡಗಿದ. ಎಲ್ಲಿಂದ ಶುರು ಮಾಡುವುದು? ಬೂದು ಕೋಟಿನಿಂದ. ಐದಾರು ವರ್ಷದ ಹಿಂದೆ ಅಕ್ಕ ಅಂಗಡಿಗೆ ಬಂದು, "ಇದು ಯಾಕೋ ಉದ್ದ ಆದಂಗಿದೆಯಲ್ಲೋ, ಮುಂದೆ ಕಾಲಿಗೆ ಸಿಕ್ಕುತ್ತೆ," ಎಂದಿದ್ದಳು. ಅವನು ಕೆಳಗೆ ಕೂತು ಅಂಚು ನೋಡಿದ. ಮುಂದೆ ಜೋತುಬಿದ್ದಿತ್ತು, ಹಿಂದೆ ಮೇಲೆದ್ದಿತ್ತು. ಬೆನ್ನು ಬಾಗಿದವರ ಕೋಟಿಗಲ್ಲದೆ ಬೇರೆ ಯಾವುದಕ್ಕೂ ಹಾಗಾಗುವುದಿಲ್ಲ. ಮೇಲೆದ್ದು ಕತ್ತಿನ ಬುಡದಿಂದ ಸೊಂಟದವರೆಗೆ ಟೇಪು ಎಳೆದಾಗ ಬೆನ್ನಿನಲ್ಲೊಂದು ಉಬ್ಬು ಬೆರಳಿಗೆ ಸಿಕ್ಕಿತು. "ಉಣ್ಣೆ ಬಟ್ಟೆ ಅಲ್ವೇನಕ್ಕ, ನೇತುಹಾಕಿ ನೇತುಹಾಕಿ ಹಿಗ್ಗುತ್ತೆ," ಎಂದುಬಿಟ್ಟ. ಗಿರಾಕಿಗಳಿಗೆ ಹೇಳಿ ಹೇಳಿ ಪಳಗಿದ ಬಾಯಿ. ಸೊಂಟ ದಪ್ಪವಾದವಳಿಗೆ ಬಟ್ಟೆ ಕುಗ್ಗಿದೆ ಅನ್ನುವುದು, ಹೊಟ್ಟೆ ಬಂದವನಿಗೆ ಈಗ ಹೀಗೇ ಬಿಗಿ ಹೊಲಿಯೋದು ಅನ್ನುವುದು. ಯಾರ ಮೈಗೂ ತಪ್ಪಿಲ್ಲ, ತಪ್ಪೆಲ್ಲ ಬಟ್ಟೆಯದು. ಅದು ಅವನ ಅಂಗಡಿ ನಡೆಯುವ ರೀತಿ. ಅಕ್ಕ ನಂಬಿ ಹೋದಳು. ಆಮೇಲೆ ಪ್ರತಿ ಕೋಟಿಗೂ ಬೆನ್ನಿನ ತುಂಡು ಸ್ವಲ್ಪ ಉದ್ದ, ಎದೆಯ ತುಂಡು ಸ್ವಲ್ಪ ಗಿಡ್ಡ, ಒಳಗೆ ಒಂದು ಪದರ ಹತ್ತಿ ಹೆಚ್ಚು. ಬೇಜಾರಾಗುತ್ತಾಳೆ ಎಂದು ಹೇಳಲಿಲ್ಲ. ಇಷ್ಟು ಹೇಳಿದರೆ ಸಾಕಿತ್ತು, ಅಕ್ಕ ಬೈದು ಸುಮ್ಮನಾಗುತ್ತಿದ್ದಳು. ಆದರೆ ಅಷ್ಟೇ ಆಗಿದ್ದರೆ ಅವನಿಗೆ ಹೀಗೆ ಬೀದಿಯಲ್ಲಿ ಮೈಯೆಲ್ಲ ಬೆವರುತ್ತಿರಲಿಲ್ಲ. ಬೂದು ಕೋಟಿನ ಆ ದಿನ, ಕಾಲರಿಗೆ ಗುಂಡುಸೂಜಿ ಚುಚ್ಚುವಾಗ ಅವನು ತಲೆಯೆತ್ತಿದ್ದ, ಅಕ್ಕನ ಕಣ್ಣು ಅವನ ಕಣ್ಣಿನ ಮಟ್ಟದಲ್ಲಿತ್ತು. ಬದುಕಿನಲ್ಲಿ ಮೊದಲ ಸಲ ಅವನು ಅವಳನ್ನು ಮುಖ ಎತ್ತದೆ ನೋಡಿದ್ದ. ಎದೆಯೊಳಗೆ ಏನೋ ಚಿಕ್ಕದಾಗಿ ಕುಣಿದಿತ್ತು. ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡಿದ್ದ. ಆಮೇಲೆ ಅವಳು ಬಂದಾಗಲೆಲ್ಲ, ಬೇಕಿರಲಿ ಬೇಡದಿರಲಿ, ಒಮ್ಮೆ ಬೆನ್ನಿಗೆ ಟೇಪು ಹಿಡಿಯುತ್ತಿದ್ದ. ಕಡಿಮೆಯಾಗಿದೆಯೇ ಎಂದು ನೋಡುತ್ತಿದ್ದ. ಆಗಿದ್ದರೆ ಯಾರಿಗೂ ಹೇಳದೆ ಒಳಗಿಟ್ಟುಕೊಳ್ಳುತ್ತಿದ್ದ. ಅವಳ ಮೂಳೆ ಮುರಿಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ನಿಜ. ವಯಸ್ಸು ಅಂದುಕೊಂಡಿದ್ದ. ಗೊತ್ತಿದ್ದರೆ ಹೇಳುತ್ತಿದ್ದನೇ ಎಂದು ತನ್ನನ್ನೇ ಕೇಳಿಕೊಂಡ, ಉತ್ತರಕ್ಕೆ ಕಾಯುವ ಧೈರ್ಯವಾಗದೆ ಹೆಜ್ಜೆ ಬೇಗ ಹಾಕಿದ.

"ಅಂಗಡಿ ಬಾಗಿಲು ತೆಗಿ," ಎಂದಳು ಅಕ್ಕ. ಅಂಗಡಿ ದಾರಿಯಲ್ಲೇ ಇತ್ತು. "ನೀನೇ ಅಳೆ. ನೀನು ಐದಡಿ ಮೂರು ಅಂದ್ರೆ ಇವತ್ತಿಂದಲೇ ಆ ಹುಡುಗಿ ಹೇಳಿದ್ದೆಲ್ಲ ನುಂಗ್ತೀನಿ. ಇಲ್ದಿದ್ರೆ ಆ ಮಾತು ಅಲ್ಲಿಗೆ ಬಿಡು." ಒಳಗೆ ನಿನ್ನೆಯ ಬಟ್ಟೆಚೂರುಗಳು ನೆಲದ ಮೇಲೆ ಹಾಗೇ ಬಿದ್ದಿದ್ದವು, ಇಸ್ತ್ರಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು, ಈ ಸಲ ತಾನಾಗಿ ಕೋಟು ಕಳಚಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳ ತಲೆಯ ಮೇಲೆ ಮರದ ಪಟ್ಟಿ ಅಡ್ಡವಿಟ್ಟು, ಸೀಮೆಸುಣ್ಣದಿಂದ ಗೋಡೆಗೆ ಗೆರೆ ಎಳೆದ. ಕೂದಲು ತೀರ ತೆಳ್ಳಗಾಗಿತ್ತು, ನಡುವೆ ನೆತ್ತಿ ಕಾಣುತ್ತಿತ್ತು. ಅವನು ಅವಳ ನೆತ್ತಿಯನ್ನು ಹಿಂದೆಂದೂ ನೋಡಿರಲಿಲ್ಲ. "ಉಸಿರು ಬಿಡ್ಲಾ?" ಎಂದಳು ಅಕ್ಕ. ಎತ್ತರ ಹೆಚ್ಚಲೆಂದು ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು, ಶಾಲೆಯ ಆರೋಗ್ಯ ತಪಾಸಣೆಯ ದಿನ ಅವನು ನಿಲ್ಲುತ್ತಿದ್ದ ಹಾಗೆ. "ಬಿಡಕ್ಕ," ಎಂದು ನೆಲದಿಂದ ಟೇಪು ಎಳೆದ. ಐದಡಿ ಮೂರು ಕೂಡ ಪೂರ್ತಿ ಇರಲಿಲ್ಲ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಬೈಯುವ ಕಣ್ಣಾಗಿದ್ದರೆ ಅವನು ಹೇಳಿಬಿಡುತ್ತಿದ್ದ. ಆ ಕಣ್ಣಿನಲ್ಲಿ ಹೆದರಿಕೆ ಇತ್ತು. ತಮ್ಮನ ಬಾಯಿಂದ ಒಂದು ಸಂಖ್ಯೆಗಾಗಿ ಕಾಯುತ್ತ, ಬಾಗಿದ ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಅಕ್ಕ ಹೆದರಿ ನಿಂತಿದ್ದಳು.

"ಐದೂವರೆ ಅಡಿ," ಎಂದ ದರ್ಜಿ. "ಅಷ್ಟೇ ಇದೀಯ."

"ನಾನು ಹೇಳ್ಲಿಲ್ವಾ," ಎಂದಳು ಅಕ್ಕ. ಅವಳ ಮುಖದ ಮೇಲೆ ಹರಡಿದ ನೆಮ್ಮದಿಯನ್ನು ಅವನು ನೋಡಲಾರದೆ ಟೇಪು ಸುತ್ತತೊಡಗಿದ. ಅವಳು ಡಾಕ್ಟರು ಕೊಟ್ಟ ಔಷಧದ ಚೀಟಿಯನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟು, "ಕತ್ತರಿ ಹರಿತ ನೋಡಕ್ಕಾಗುತ್ತೆ, ಇಟ್ಕೋ," ಎಂದು ಕೋಟು ಹಾಕಿಕೊಂಡಳು. ಕೋಟಿನೊಳಗೆ ಹೋದದ್ದೇ ತಡ, ಬೆನ್ನು ಮಾಯವಾಯಿತು. ಎಂಥ ಕೈಕೆಲಸ. ಅಂಗಡಿಯ ಬಾಗಿಲಿನಿಂದ ಬೀದಿಗೆ ಒಂದೇ ಮೆಟ್ಟಿಲು. ಅಕ್ಕ ಅದರ ಅಂಚಿಗೆ ಬಂದು ನಿಂತಳು. ಒಂದು ಕೈಯಿಂದ ಚೌಕಟ್ಟು ಹಿಡಿದಳು. ಬಲಗಾಲನ್ನು ಮುಂದಕ್ಕೆ ಚಾಚಿ, ಗಾಳಿಯಲ್ಲಿ ನೆಲ ಹುಡುಕಿ, ಸಿಗದೆ, ಹಿಂದಕ್ಕೆ ಎಳೆದುಕೊಂಡಳು. ಯಾರಾದರೂ ನೋಡಿದರೇನೋ ಎಂದು ಬೀದಿಯ ಆಚೆ ಈಚೆ ಕಣ್ಣಾಡಿಸಿದಳು. ಆಮೇಲೆ ಹಿಂದುಮುಂದಾಗಿ ತಿರುಗಿ, ಚಿಕ್ಕ ಮಕ್ಕಳು ಮಂಚದಿಂದ ಇಳಿಯುವಂತೆ, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿದಳು. ತಿರುಗಿದಾಗ ಮುಖ ಅವನ ಕಡೆಗೇ ಬಂದಿತ್ತು. ಅವನು ಕಂಡದ್ದು ಅವಳಿಗೂ ಗೊತ್ತಾಯಿತು. "ಇಸ್ತ್ರಿ ಆರಿಸಿದೀಯ ನೋಡ್ಕೋ," ಎಂದು ಹೊರಟುಬಿಟ್ಟಳು.

ಅವನು ಚೀಟಿಯನ್ನು ತೆಗೆದುಕೊಂಡು ಓಡಿದ. ಬ್ರೆಡ್ಡಿನಂಗಡಿಯ ಮುಂದೆ ಅವಳನ್ನು ಹಿಂದೆ ಹಾಕಿ ಎದುರು ನಿಂತ. ಅಂಗಡಿಯ ಹೆಂಗಸು ಗಾಜು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ಐದಡಿ ಮೂರೂ ಇಲ್ಲ ಅಕ್ಕ," ಎಂದ. ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಬಂತು. "ನಾನು ಸುಳ್ಳು ಹೇಳ್ದೆ. ಈಗ್ಲೂ ಹೇಳ್ದೆ, ಆಗ್ಲೂ ಹೇಳ್ದೆ. ಬಟ್ಟೆ ಹಿಗ್ಗಿರ್ಲಿಲ್ಲ. ನಿನ್ನ ಬೆನ್ನು ಬಾಗಿದೆ. ಕೋಟಿನೊಳಗೆ ಹತ್ತಿ ತುಂಬಿ ಮುಚ್ಚಿದೀನಿ." ಬ್ರೆಡ್ಡಿನಂಗಡಿಯವಳ ಕಣ್ಣು ಅಕ್ಕನ ಬೆನ್ನಿಗೆ ಹೋಯಿತು. ಅಕ್ಕನಿಗೆ ಅದು ಗೊತ್ತಾಯಿತು, ಅವಳ ಕತ್ತಿನಿಂದ ಕಿವಿಯವರೆಗೂ ಕೆಂಪೇರಿತು. "ಇದನ್ನ ಬೀದೀಲಿ ಹೇಳ್ಬೇಕಿತ್ತಾ?" ಎಂದಳು ಬಹಳ ಮೆಲ್ಲಗೆ. "ಒಳಗೆ ಆಗ್ಲಿಲ್ಲ," ಎಂದ. "ಯಾವಾಗಿಂದ ಗೊತ್ತು ನಿಂಗೆ?" "ಬೂದು ಕೋಟಿನಿಂದ." ಅಕ್ಕ ಲೆಕ್ಕ ಹಾಕುತ್ತಿರುವುದು ಕಂಡಿತು. ಬೂದು ಕೋಟಿನ ನಂತರ ಎಷ್ಟು ಕೋಟುಗಳು, ಎಷ್ಟು ಟಬ್ಬುಗಳು, ಎಷ್ಟು ಉಳುಕುಗಳು. ಹೊಡೆದರೆ ಹೊಡೆಯಲಿ ಎಂದು ಅವನು ನಿಂತಿದ್ದ. ಅವಳು ಕೈ ಚಾಚಿ ಚೀಟಿ ತೆಗೆದುಕೊಂಡಳು.

ಔಷಧದ ಅಂಗಡಿಯಲ್ಲಿ ಮಾತ್ರೆ ಕೊಡುವವನು, "ಯಾರಿಗೆ ಇದು?" ಎಂದು ಅಭ್ಯಾಸದ ಮೇಲೆ ಕೇಳಿದ. "ನಂಗೆ. ಮೂಳೆ ಸವೆದಿದೆ," ಎಂದಳು ಅಕ್ಕ, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ. ಹೊರಗೆ ಬಂದು ಅವಳು ಮುಂದೆ ನಡೆದಳು. ಅವನು ಒಂದು ಹೆಜ್ಜೆ ಹಿಂದೆ ನಡೆದ. ಹೇಳಬೇಕಾದದ್ದು ಇನ್ನೂ ಉಳಿದಿತ್ತು, ಬೀದಿಯಲ್ಲಿ ಹೇಳಿದ್ದು ಅದರ ಮೇಲಿನ ಬಟ್ಟೆ ಅಷ್ಟೇ. ಈಗ ಕೇಳುತ್ತಾಳೆ, ಯಾಕೆ ಮುಚ್ಚಿಟ್ಟೆ ಅಂತ. ಕೇಳಿದರೆ ಹೇಳಿಬಿಡಬೇಕು, ಕಣ್ಣಿಗೆ ಕಣ್ಣು ಸಮ ಬಂದ ಆ ದಿನ ನಂಗೆ ಖುಷಿಯಾಗಿತ್ತು ಅಕ್ಕ, ಅಂತ. ಆ ಮಾತು ಬಾಯಿಯವರೆಗೂ ಬಂತು. ತಿರುವಿನಲ್ಲಿ ಅಕ್ಕ ನಿಂತಳು. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ಅವನತ್ತ ತಿರುಗಿಸಿ, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ನೀನು, ಅಲ್ವಾ?" ಎಂದಳು. "ಪಾಪ, ನೀನಾದ್ರೂ ಏನ್ಮಾಡ್ತೀಯ."

"ಹೂಂ," ಎಂದ ದರ್ಜಿ.

ಅಕ್ಕ ಅದನ್ನು ನಂಬಿದಳು. ನಂಬಿ, ಅವನ ತೋಳಿನ ಮೇಲೆ ಕೈಯಿಟ್ಟು, ತನ್ನ ಪೂರ್ತಿ ಭಾರವನ್ನು ಅವನ ಮೇಲೆ ಬಿಟ್ಟು ನಡೆಯತೊಡಗಿದಳು.